ಪಂಚಾಯ್ತಿ ಬಿಟ್ಟ ಮೇಲೆ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಆಪ್ತಸಮಾಲೋಚನೆ ಶುರು ಮಾಡಿದ ಹೊಸತರಲ್ಲಿ ನಾನು ಮಾಡುತ್ತಿದ್ದದ್ದು ಬರೀ ಪಂಚಾಯ್ತಿ. ಗಂಡನ ಮಾತು ಕೇಳಿ, ಹೆಂಡತಿಯ ಮಾತು ಕೇಳಿ, "ನೀವು ಸ್ವಲ್ಪ ತಗ್ಗಿ, ಅವರೂ ತಗ್ಗುತ್ತಾರೆ" ಅನ್ನುತ್ತಿದ್ದೆ. ಇಬ್ಬರೂ ತಲೆಯಾಡಿಸಿ ಹೋಗುತ್ತಿದ್ದರು. ಮುಂದಿನ ವಾರ ಅದೇ ಜಗಳ. ಇಷ್ಟನ್ನು ಮನೆಯ ಹಿರಿಯರೇ ಮಾಡುತ್ತಾರೆ, ಫೀಸೂ ಇಲ್ಲ ಅಲ್ವಾ?

ನನ್ನ ಕಣ್ಣು ತೆರೆಸಿದ್ದು ಒಂದು ಜೋಡಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡನದು ಮೆಕ್ಕೆಜೋಳದ ವ್ಯಾಪಾರ, ಹೆಂಡತಿ ಟೀಚರ್. ಆಕೆ ದನಿ ಏರಿಸಿದಷ್ಟೂ ಇವರು ತಲೆ ತಗ್ಗಿಸಿ ಮೊಬೈಲ್ ನೋಡುತ್ತಿದ್ದರು. "ನೋಡಿ ಮೇಡಂ, ಮನೇಲೂ ಹಿಂಗೇ. ಗೋಡೆ ಜೊತೆ ಮಾತಾಡಿದಂಗೆ" ಅಂದರು ಆಕೆ. ನನಗೂ ಈ ಮನುಷ್ಯ ಕಲ್ಲು ಅನ್ನಿಸಿತ್ತು. ಕೋವಿಡ್ ಕಾಲದ ಆಕ್ಸಿಮೀಟರ್ ಡ್ರಾಯರ್‌ನಲ್ಲಿತ್ತು. ತೆಗೆದು ಅವರ ಬೆರಳಿಗೆ ಹಾಕಿದೆ. ನಾಡಿ 112. ಆಕೆ ಬಗ್ಗಿ ನೋಡಿ ಸುಮ್ಮನಾದರು.

ಇದು ನನ್ನ ತಲೆಯಿಂದ ಬಂದದ್ದೇನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಗಂಡ-ಹೆಂಡತಿಯರನ್ನು ಲ್ಯಾಬಿನಲ್ಲಿ ಕೂರಿಸಿ, ಜಗಳದ ಹೊತ್ತಿನ ನಾಡಿ ಅಳೆದವರು. ನಿಮಿಷಕ್ಕೆ 100 ದಾಟಿದರೆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು ಅನ್ನುತ್ತಾರೆ. ಓದಿದ್ದೆ, ಮಾಡಿ ನೋಡಿರಲಿಲ್ಲ. ಬಿಡುವು ಅಂದರೆ ಬಾಗಿಲು ಬಡಿದು ಹೋಗುವುದಲ್ಲ. "20 ನಿಮಿಷ ಬಿಟ್ಟು ಬರ್ತೀನಿ" ಅಂತ ಹೇಳಿ ಹೋಗಬೇಕು, ಬರಲೂ ಬೇಕು. ಆ ಹೊತ್ತಿನಲ್ಲಿ ಜವಾಬು ಹೊಸೆಯುತ್ತಾ ಕೂತರೆ ನಾಡಿ ಇಳಿಯಲ್ಲ.

ಇನ್ನೊಂದು, "ನಂಗೆ". ಎದುರಿನವರನ್ನು ದೂರದೆ ನಿಮ್ಮ ವಿಷಯ ಹೇಳಿ ಅಂತ ನಮಗೆ ಕಲಿಸಿರುತ್ತಾರೆ. ಆದರೆ ನಮ್ಮ ಜನ ಜಾಣರು. "ನಂಗೆ ಅನ್ಸೋದು ಏನಂದ್ರೆ, ನೀವು ನಿಮ್ಮಮ್ಮನ ಮಾತೇ ಕೇಳೋದು!" ಅನ್ನುತ್ತಾರೆ. "ನಂಗೆ" ಬಂತು, ದೂರು ಹಾಗೇ ಉಳಿಯಿತು. ಅದಕ್ಕೇ ನಾನೊಂದು ಕಟ್ಟುಪಾಡು ಮಾಡಿದೆ. "ನಂಗೆ" ಆದ ಮೇಲೆ ಬೇಜಾರು, ಭಯ, ನಾಚಿಕೆ, ಆಸೆ, ಇಂಥದ್ದೇ ಬರಬೇಕು. ಆ ವ್ಯಾಪಾರಿಗೆ ಮೂರು ವಾರ ಹಿಡಿಯಿತು. ಕೊನೆಗೆ ಟೇಬಲ್ ನೋಡುತ್ತಾ ಹೇಳಿದರು: "ರೇಟು ಬಿದ್ದ ದಿನ ನಂಗೆ ಮನೆಗೆ ಬರೋಕೇ ಭಯ ಆಗತ್ತೆ." ಸಾಲದ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ಅವತ್ತು ಅತ್ತೆಯ ಸುದ್ದಿ ಬರಲೇ ಇಲ್ಲ.

ಹೊಡೆತ, ಬೆದರಿಕೆ ಇರುವ ಕಡೆ ಇದ್ಯಾವುದೂ ನಡೆಯಲ್ಲ. ಅಂಥವರನ್ನು ಜೋಡಿಯಾಗಿ ಕೂರಿಸುವುದೇ ಇಲ್ಲ. ಹೆಂಗಸರಿಗೆ ಮೊದಲು 181 ಸಹಾಯವಾಣಿ ನಂಬರ್ ಕೊಡುತ್ತೇನೆ.

ನನ್ನ ಮನೆಯ ಕಥೆಯೂ ಇದೆ. ಮೊನ್ನೆ ನಮ್ಮನೆಯವರು ಮಂಡಕ್ಕಿ, ಮೆಣಸಿನಕಾಯಿ ತರಲು ಮರೆತು ಬಂದರು. ಅಲ್ಲಿಂದ ಶುರುವಾಗಿ ನಾನು ಹಳೇ ಲೆಕ್ಕವನ್ನೆಲ್ಲ ತೆಗೆದೆ. ಅವರು ಸುಮ್ನೆ ಎದ್ದು, ನನ್ನ ಬ್ಯಾಗಿನಿಂದ ಆಕ್ಸಿಮೀಟರ್ ತಂದು ನನ್ನ ಬೆರಳಿಗೆ ಸಿಕ್ಕಿಸಿದರು. 108.

"20 ನಿಮಿಷ ಟೈಮ್ ಇದೆಯಲ್ಲ, ತಂದ್‌ಬಿಡ್ತೀನಿ" ಅಂತ ಬೈಕ್ ಕೀ ತಗೊಂಡರು.