ಕಾನೂನು, ರಾಜಕೀಯದ ಇಂಗ್ಲಿಷನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆಯುವುದು ಹೇಗೆ?

ಕರಾರು ಪತ್ರ, ನೋಟಿಸ್, ಮನವಿ, ಭಾಷಣ, ಪ್ರಣಾಳಿಕೆ, ಯಾವುದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದರ ಪ್ರಕಾರ ಯಾರು, ಏನನ್ನು, ಎಷ್ಟು ದಿನದೊಳಗೆ ಮಾಡಬೇಕು? ಉತ್ತರ ನಿಮ್ಮ ವಾಕ್ಯದಲ್ಲೇ ಇರಬೇಕು. ಸರಳ ಇಂಗ್ಲಿಷ್ ಅಂದ ಕೂಡಲೇ ಚಿಕ್ಕ ಚಿಕ್ಕ ಪದ ಹುಡುಕಲು ಹೊರಡುವವರೇ ಜಾಸ್ತಿ, ಆದರೆ ಪದಗಳ ಸರದಿ ಬರುವುದು ಆಮೇಲೆ.

ಬಾಡಿಗೆ ಕರಾರಿನಲ್ಲಿ ಬರಬಹುದಾದ ಒಂದು ಸಾಲು ತೆಗೆದುಕೊಳ್ಳೋಣ: 'ನೋಟಿಸ್ ಷಲ್ ಬಿ ಗಿವನ್ ವಿದಿನ್ 30 ಡೇಸ್.' ಕೇಳಲು ಗಟ್ಟಿಯಾಗಿದೆ, ಅಲ್ವಾ? ಆದರೆ ನೋಟಿಸ್ ಕೊಡಬೇಕಾದವರು ಮಾಲೀಕರೋ ಬಾಡಿಗೆದಾರರೋ? 30 ದಿನ ಎಣಿಸುವುದು ಯಾವತ್ತಿನಿಂದ? ಬಾಯಲ್ಲಿ ಹೇಳಿದರೆ ಸಾಕೋ, ಬರೆದು ಕೊಡಬೇಕೋ? ಈಗ ಇದನ್ನು ನೋಡಿ: 'ದಿ ಟೆನೆಂಟ್ ಮಸ್ಟ್ ಟೆಲ್ ದಿ ಲ್ಯಾಂಡ್‌ಲಾರ್ಡ್ ಇನ್ ರೈಟಿಂಗ್ ಅಟ್ ಲೀಸ್ಟ್ 30 ಡೇಸ್ ಬಿಫೋರ್ ಮೂವಿಂಗ್ ಔಟ್.' ವಾಕ್ಯ ಉದ್ದವಾಯಿತು, ನಿಜ. ಆದರೆ ಜಗಳಕ್ಕೆ ಜಾಗವೇ ಉಳಿಯಲಿಲ್ಲ. ಇನ್ನೊಂದು ಮಾತು. ಹೀಗೆ ತಿದ್ದುವಾಗ ಬಿಟ್ಟುಹೋದ ಪ್ರಶ್ನೆಗಳಿಗೆ ನೀವೇ ಊಹೆ ಮಾಡಿ ಉತ್ತರ ತುಂಬಬೇಡಿ. ಕರಾರು ಮಾಡಿಕೊಳ್ಳುವವರನ್ನು ಕೇಳಿ. ಎಷ್ಟೋ ಸಲ ಅವರೂ ಅದನ್ನು ಮಾತಾಡಿಕೊಂಡೇ ಇರುವುದಿಲ್ಲ, ಗಂಭೀರ ಭಾಷೆಯ ಕೆಳಗೆ ಆ ತೂತು ಮುಚ್ಚಿಹೋಗಿರುತ್ತದೆ ಅಷ್ಟೇ.

'ಷಲ್' ಅನ್ನು ಬಿಟ್ಟುಬಿಡಿ. ಅದು ಒಂದು ಕಡೆ 'ಮಾಡಲೇಬೇಕು', ಇನ್ನೊಂದು ಕಡೆ 'ಮಾಡಬಹುದು', ಮತ್ತೊಂದು ಕಡೆ ಬರೀ 'ಆಗುತ್ತದೆ' ಅಂತ ಅರ್ಥ ಕೊಡುತ್ತದೆ. ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ನಿಯಮಗಳನ್ನು 2007ರಲ್ಲಿ ಹೊಸದಾಗಿ ಬರೆದಾಗ ಈ ಗೊಂದಲಕ್ಕಾಗಿಯೇ ಅದನ್ನು ಕೈಬಿಟ್ಟರು. ಕಡ್ಡಾಯವಾದರೆ 'ಮಸ್ಟ್', ಇಷ್ಟಕ್ಕೆ ಬಿಟ್ಟದ್ದಾದರೆ 'ಮೇ' ಅಂತ ಬರೆಯಿರಿ. 'ನಲ್ ಅಂಡ್ ವಾಯ್ಡ್' ಥರದ ಜೋಡಿಗಳಲ್ಲಿ ಎರಡಕ್ಕೂ ಅರ್ಥ ಒಂದೇ (ಇಲ್ಲಿ 'ಅಸಿಂಧು'), ಒಂದು ಪದ ಸಾಕು.

ಹಾಗಂತ ಎಲ್ಲಾ ಕಾನೂನು ಪದಗಳನ್ನೂ ಕಿತ್ತು ಹಾಕಬೇಡಿ. 1999ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಿವಿಲ್ ಕೋರ್ಟುಗಳು ದಾವೆ ಹೂಡಿದವರಿಗೆ ಇದ್ದ 'ಪ್ಲೇಂಟಿಫ್' ತೆಗೆದು 'ಕ್ಲೇಮೆಂಟ್' ಅಂದವು, ದಾವೆ ಶುರುಮಾಡುವ ಕಾಗದಕ್ಕೆ 'ರಿಟ್' ಬದಲು 'ಕ್ಲೇಮ್ ಫಾರ್ಮ್' ಬಂತು. ಅಲ್ಲಿ ಅರ್ಥ ಸ್ವಲ್ಪವೂ ಕಳೆದುಹೋಗಲಿಲ್ಲ. 'ಬೇಲ್' (ಜಾಮೀನು), 'ನೆಗ್ಲಿಜೆನ್ಸ್' (ನಿರ್ಲಕ್ಷ್ಯ) ಅಂಥವು ಬೇರೆ. ಕೋರ್ಟುಗಳು ಅವುಗಳಿಗೆ ಖಚಿತ ಅರ್ಥ ಕಟ್ಟಿಕೊಟ್ಟಿವೆ. ಅವನ್ನು ಹಾಗೇ ಉಳಿಸಿ, ಪಕ್ಕದಲ್ಲೇ ಒಂದು ಸಾಲಿನ ವಿವರಣೆ ಕೊಡಿ. ಮತ್ತೆ, ಒಂದು ವಸ್ತುವಿಗೆ ಕೊನೆಯವರೆಗೂ ಒಂದೇ ಹೆಸರು. ಮೊದಲ ಪುಟದಲ್ಲಿ 'ಕಾರ್', ಮೂರನೇ ಪುಟದಲ್ಲಿ 'ವೆಹಿಕಲ್' ಅಂತ ಬರೆದರೆ ಎದುರು ಪಕ್ಷದ ವಕೀಲರು ಅವೆರಡೂ ಬೇರೆ ಬೇರೆ ಅಂತ ವಾದಿಸುತ್ತಾರೆ.

ಪಟ್ಟಿ ಇದ್ದಲ್ಲಿ ಇನ್ನೂ ಹುಷಾರಾಗಿರಬೇಕು. ಅಮೆರಿಕದ ಮೇನ್ ರಾಜ್ಯದ ಕಾನೂನೊಂದು ಓವರ್‌ಟೈಮ್ ಸಂಬಳ ಕೊಡಬೇಕಿಲ್ಲದ ಕೆಲಸಗಳನ್ನು ಸಾಲಾಗಿ ಹೇಳುತ್ತಿತ್ತು. ಅದರ ಕೊನೆ ಹೀಗಿತ್ತು: 'ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್ ಆಫ್'. 'ಶಿಪ್‌ಮೆಂಟ್' ಆದಮೇಲೆ ಅಲ್ಪವಿರಾಮ ಇಲ್ಲ. ಹಾಗಾದರೆ ಸರಕು ಹಂಚುವುದು ಪಟ್ಟಿಯ ಬೇರೆ ಕೆಲಸವೋ, ಅಥವಾ ಸಾಗಿಸಲು ಇಲ್ಲವೇ ಹಂಚಲು ಪ್ಯಾಕ್ ಮಾಡುವುದು ಮಾತ್ರವೋ? ಓವರ್‌ಟೈಮ್ ಸಂಬಳ ಕೇಳಿ ಕೋರ್ಟಿಗೆ ಹೋದ ಓಕ್‌ಹರ್ಸ್ಟ್ ಡೈರಿಯ ಚಾಲಕರು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ಕೋರ್ಟ್ ಈ ಸಾಲು ಅಸ್ಪಷ್ಟವಾಗಿದೆ ಅಂತ ಹೇಳಿ ಚಾಲಕರ ಕಡೆ ನಿಂತಿತು, ಮುಂದಿನ ವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು. ತೀರ್ಪು ಬಂದಮೇಲೆ ಶಾಸಕರು ಪ್ರತಿ ಕೆಲಸದ ನಡುವೆ ಅರ್ಧವಿರಾಮ ಹಾಕಿ ಕಾನೂನನ್ನೇ ತಿದ್ದಿದರು. ನೀವು ಅಷ್ಟು ದೂರ ಹೋಗಬೇಕಿಲ್ಲ, ಪಟ್ಟಿಯ ಒಂದೊಂದು ಅಂಶವನ್ನೂ ಒಂದೊಂದು ಸಾಲಿನಲ್ಲಿ ಬರೆದು ನಂಬರ್ ಹಾಕಿ.

ರಾಜಕೀಯದ ಭಾಷೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರುವುದು ಕರ್ಮಣಿ ಪ್ರಯೋಗ, ಅಂದರೆ ಮಾಡಿದವರ ಹೆಸರನ್ನೇ ಬಿಟ್ಟುಬಿಡಬಹುದಾದ ವಾಕ್ಯ, ಕಂಡಾಗ. ಇರಾನ್‌ಗೆ ಶಸ್ತ್ರಾಸ್ತ್ರ ಮಾರಿದ ಹಗರಣದ ಬಗ್ಗೆ 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್' ಅಂದರು. ತಪ್ಪುಗಳಾದವು, ಸರಿ. ಮಾಡಿದ್ದು ಯಾರು? ನೀವು ಬರೆಯುವ ಹೇಳಿಕೆಯಲ್ಲಿ ಇಂಥ ಸಾಲು ಸಿಕ್ಕಿದರೆ ಕರ್ತೃವನ್ನು ಹುಡುಕಿ ಮುಂದೆ ತಂದು ನಿಲ್ಲಿಸಿ: 'ವಿ ಮೇಡ್ ದಿಸ್ ಡಿಸಿಷನ್, ಅಂಡ್ ಇಟ್ ವಾಸ್ ರಾಂಗ್.' ಜನ ಮತ ಹಾಕುವುದು ಮನುಷ್ಯರಿಗೆ, ಅವರಿಗೆ ಹೊಣೆ ಯಾರದು ಅಂತ ಗೊತ್ತಾಗಬೇಕು.

ಜನರನ್ನು ಪ್ರಶ್ನೆ ಕೇಳುವಾಗ ಉತ್ತರವನ್ನು ಪ್ರಶ್ನೆಯೊಳಗೇ ತುರುಕಬೇಡಿ. 2014ರ ಸ್ಕಾಟ್ಲೆಂಡ್ ಜನಮತಕ್ಕೆ ಅಲ್ಲಿನ ಸರ್ಕಾರ ಮೊದಲು ಬರೆದದ್ದು 'ಡು ಯು ಅಗ್ರೀ ದಟ್ ಸ್ಕಾಟ್ಲೆಂಡ್ ಶುಡ್ ಬಿ ಆನ್ ಇಂಡಿಪೆಂಡೆಂಟ್ ಕಂಟ್ರಿ?' ಅಂತ. ಚುನಾವಣಾ ಆಯೋಗ ಇದನ್ನು ಜನರ ಮುಂದಿಟ್ಟು ಪರೀಕ್ಷಿಸಿತು. 'ಒಪ್ಪುತ್ತೀರಾ' ಅನ್ನುವುದು 'ಹೌದು' ಕಡೆಗೆ ತಳ್ಳುತ್ತದೆ ಅಂತ ಕಂಡಿತು. ಕೊನೆಗೆ ಮತಪತ್ರದಲ್ಲಿ ಬಂದದ್ದು 'ಶುಡ್ ಸ್ಕಾಟ್ಲೆಂಡ್ ಬಿ ಆನ್ ಇಂಡಿಪೆಂಡೆಂಟ್ ಕಂಟ್ರಿ?' ಅಷ್ಟೇ.

ಆ ಆಯೋಗದ ಹಾಗೆ ನೀವೂ ಪರೀಕ್ಷೆ ಮಾಡಿ, ಸಣ್ಣ ಮಟ್ಟದಲ್ಲಾದರೂ. ಬರೆದದ್ದನ್ನು ಈ ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೊಡಿ. 'ಅರ್ಥವಾಯಿತಾ?' ಅಂತ ಕೇಳಬೇಡಿ, ಮುಜುಗರಕ್ಕೆ ಎಲ್ಲರೂ ಹೂಂ ಅಂದುಬಿಡುತ್ತಾರೆ. ಬದಲಿಗೆ ಒಂದು ಸನ್ನಿವೇಶ ಕೊಡಿ: 'ಮಾರ್ಚ್ 31ಕ್ಕೆ ಮನೆ ಬಿಡಬೇಕು ಅಂದರೆ ನೀವು ಕೊನೆಯ ಪಕ್ಷ ಯಾವತ್ತು ಪತ್ರ ಕೊಡಬೇಕು?' ಮಾರ್ಚ್ 1 ಅಂತ ಥಟ್ಟನೆ ಬಂದರೆ ಆ ಸಾಲು ಸರಿಯಿದೆ. ತಡವರಿಸಿದರೆ ಅವರಿಗೆ ಬಾಯಲ್ಲಿ ಬಿಡಿಸಿ ಹೇಳಿ, ಹಾಗೆ ಹೇಳುವಾಗ ಬಂದ ವಾಕ್ಯವನ್ನೇ ಕಾಗದಕ್ಕೆ ಇಳಿಸಿ, ಇನ್ನೊಬ್ಬರಿಗೆ ಕೊಟ್ಟು ಮತ್ತೆ ಕೇಳಿ.