ಲಿನಕ್ಸ್ ಕಂಪ್ಯೂಟರಿಗೆ ಮೋಡೆಮ್: ನಾನು ಆರಿಸಿದ್ದು ಹೀಗೆ

ಮನೆಯ ಕಂಪ್ಯೂಟರಿನಲ್ಲಿ ನಾನು ಬಳಸೋದು ಡೆಬಿಯನ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸಿನ ಒಂದು ಬಗೆ. ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಗೆ ಆಗಿನ್ನೂ ಫೈಬರ್ ಬಂದಿರಲಿಲ್ಲ, ಹಾಗಾಗಿ ಮೊದಲು ತಂದದ್ದು ಸಿಮ್ ಹಾಕುವ ಯುಎಸ್‌ಬಿ ಡಾಂಗಲ್ (ಪೆನ್‌ಡ್ರೈವ್ ಥರದ ಸಣ್ಣ ಮೋಡೆಮ್). ಚುಚ್ಚಿದೆ, ನೆಟ್ ಬರಲಿಲ್ಲ. ಬದಲಿಗೆ ಒಂದು ಸಿ.ಡಿ. ಡ್ರೈವ್ ಕಾಣಿಸಿತು, ಒಳಗೆ ವಿಂಡೋಸಿನ ಸೆಟಪ್ ಫೈಲು. ಅಂಗಡಿಯವರನ್ನು ಕೇಳಿದರೆ, "ಇದಕ್ಕ ಲಿನಕ್ಸ್ ನಡಿಯಂಗಿಲ್ಲ ಸರ್, ವಿಂಡೋಸ್ ಹಾಕಿಸಿಬಿಡ್ರಿ" ಅಂದರು.

ಡಾಂಗಲ್ ಕೆಟ್ಟಿರಲಿಲ್ಲ. ಇಂಥವು ಎಷ್ಟೋ ಮೊದಲು ಸಿ.ಡಿ. ಥರ ಕಾಣಿಸಿಕೊಂಡು, ತಮ್ಮೊಳಗಿನ ಡ್ರೈವರ್ ವಿಂಡೋಸಿನಲ್ಲಿ ಕೂತ ಮೇಲಷ್ಟೇ ಮೋಡೆಮ್ ಆಗುತ್ತವೆ. ಲಿನಕ್ಸಿನಲ್ಲಿ ಆ ಕೆಲಸಕ್ಕೆ 'ಯುಎಸ್‌ಬಿ ಮೋಡ್‌ಸ್ವಿಚ್' ಅನ್ನೋ ಪ್ಯಾಕೇಜ್ ಇದೆ, ನನ್ನಲ್ಲಿ ಅದು ಇರಲಿಲ್ಲ, ಇಳಿಸಿಕೊಳ್ಳೋಣ ಅಂದರೆ ನೆಟ್ಟೇ ಇಲ್ಲ. ಕೊನೆಗೆ ಮಗಳ ಫೋನನ್ನು ಚಾರ್ಜಿಂಗ್ ವೈರಿನಲ್ಲಿ ಸೇರಿಸಿ ಯುಎಸ್‌ಬಿ ಟೆಥರಿಂಗ್ (ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡೋದು) ಆನ್ ಮಾಡಿದೆ. ಪ್ಯಾಕೇಜ್ ಇಳಿಯಿತು, ಡಾಂಗಲ್ ತೆಗೆದು ಮತ್ತೆ ಚುಚ್ಚಿದಾಗ ಮೋಡೆಮ್ ಆಗಿಯೇ ಬಂತು.

ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮುಂದೆ ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವೆ ಲ್ಯಾನ್ ಕೇಬಲ್ ಮಾತ್ರ ಇರಬೇಕು ಅಂತ. ಆ ಕಡೆ ಫೈಬರ್ ಇರಲಿ, ಹಳೇ ಟೆಲಿಫೋನ್ ಲೈನಿರಲಿ, ಕಂಪ್ಯೂಟರಿಗೆ ಅದು ಗೊತ್ತೇ ಆಗಬೇಕಾಗಿಲ್ಲ. ಡಿಎಚ್‌ಸಿಪಿ (ವಿಳಾಸ ತಾನಾಗೇ ಹಂಚುವ ವ್ಯವಸ್ಥೆ) ಮೂಲಕ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ನಂಬರು, ಸಿಕ್ಕರೆ ಸಾಕು, ಅಷ್ಟು ಯಾವ ಲಿನಕ್ಸಿಗೂ ಬರುತ್ತದೆ.

ಫೈಬರ್ ಹಾಕುವವರು ಬಂದಾಗ ಅವರು ತಂದ ಮೋಡೆಮ್ ಪೆಟ್ಟಿಗೆ ಕೈಗೆ ತಗೊಂಡು ಮೊದಲು ಹಿಂಭಾಗ ನೋಡಿದೆ: ಗಿಗಾಬಿಟ್ (1000 ಎಂಬಿಪಿಎಸ್) ಲ್ಯಾನ್ ಪೋರ್ಟ್ ಒಂದಾದರೂ ಇದೆಯಾ? ಆಮೇಲೆ ಲಾಗಿನ್ ಎಲ್ಲಿ ಆಗುತ್ತದೆ ಅಂತ ಕೇಳಿದೆ. ಇದು ಮುಖ್ಯ. ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ನಲ್ಲಿ ಬಿಟ್ಟು ಹೋದರೆ, ಅಂದರೆ ಅದು ಬರೀ ಸಿಗ್ನಲ್ ದಾಟಿಸೋ ಹಾಗಿಟ್ಟರೆ, ಪಿಪಿಪಿಒಇ ಲಾಗಿನ್ (ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಕಂಪನಿಯ ನೆಟ್ಟಿಗೆ ಸೇರೋದು) ಕಂಪ್ಯೂಟರೇ ಮಾಡಬೇಕು. ಲಿನಕ್ಸಿನಲ್ಲಿ ಅದೂ ಆಗುತ್ತದೆ, ಆದರೆ ಬೇರೆ ರೌಟರ್ ಇಲ್ಲದ ಮನೆಯಲ್ಲಿ ಕಂಪ್ಯೂಟರ್ ಆಫ್ ಮಾಡಿದ ಕೂಡಲೇ ಮನೆಯವರ ಫೋನಿಗೂ ನೆಟ್ ಇರಲ್ಲ ಅಲ್ವಾ? ಹಾಗಾಗಿ ರೌಟರ್ ಮೋಡ್ ಮಾಡಿಸಿ, ಯೂಸರ್‌ನೇಮ್ ಪಾಸ್‌ವರ್ಡ್ ಪೆಟ್ಟಿಗೆಯಲ್ಲೇ ಹಾಕಿಸಿ, ಒಂದು ಚೀಟಿಯಲ್ಲೂ ಬರೆಸಿಕೊಂಡೆ. ಅವರು ತಂದ ಸಿ.ಡಿ., ಆ್ಯಪ್ ಯಾವುದೂ ಬೇಕಾಗಲಿಲ್ಲ, ಬ್ರೌಸರಿನಲ್ಲಿ 192.168.1.1 ಹೊಡೆದರೆ ಸೆಟ್ಟಿಂಗ್ ಎಲ್ಲ ಅಲ್ಲೇ ಸಿಗುತ್ತದೆ.

ಇಷ್ಟಾದರೂ 200 ಎಂಬಿಪಿಎಸ್ ಪ್ಲಾನಿನಲ್ಲಿ ನನಗೆ 94ರ ಮೇಲೆ ಏರಲೇ ಇಲ್ಲ. ಎರಡು ದಿನ ಕಂಪನಿಯವರ ಮೇಲೇ ಅನುಮಾನ. ಆಮೇಲೆ 'ಇಥ್‌ಟೂಲ್' ಅನ್ನೋ ಕಮಾಂಡ್ ಓಡಿಸಿದರೆ ಲಿಂಕ್ ಸ್ಪೀಡ್ (ಕಂಪ್ಯೂಟರಿಗೂ ಪೆಟ್ಟಿಗೆಗೂ ನಡುವಿನ ವೇಗ) 100 ಅಂತ ತೋರಿಸಿತು. ಪೋರ್ಟ್ ಗಿಗಾಬಿಟ್, ಕಂಪ್ಯೂಟರಿನ ಕಾರ್ಡೂ ಗಿಗಾಬಿಟ್, ಹಾಗಾದರೆ ಉಳಿದದ್ದು ಕೇಬಲ್. ಅದರ ತುದಿಯ ಪಾರದರ್ಶಕ ಪ್ಲಗ್ ಬೆಳಕಿಗೆ ಹಿಡಿದು ನೋಡಿದೆ. ಕಿತ್ತಳೆ ಜೋಡಿ, ಹಸಿರು ಜೋಡಿ, ಅಷ್ಟೇ. ನೀಲಿ, ಕಂದು ಜೋಡಿಗಳು ಇರಲೇ ಇಲ್ಲ! 100 ಎಂಬಿಪಿಎಸ್ ವೇಗಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ರಾಯಲ್ ಸರ್ಕಲ್ ಹತ್ತಿರದ ಅಂಗಡಿಯಿಂದ ಎಂಟೂ ತಂತಿ ಇರುವ ಕ್ಯಾಟ್ 6 ಕೇಬಲ್ ತಂದು ಹಾಕಿದೆ, ಪೂರ್ತಿ ಸ್ಪೀಡ್ ಬಂತು.

ಇನ್ನೊಂದು, ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗೋದು ಜಾಸ್ತಿ. ಪೆಟ್ಟಿಗೆಯ ಅಡಾಪ್ಟರ್ 12 ವೋಲ್ಟಿನದೇ ಅಂತ ನೋಡಿಕೊಂಡು ಅದಕ್ಕೆ ಹೊಂದುವ ಸಣ್ಣ ಯುಪಿಎಸ್ ತಂದಿಟ್ಟಿದ್ದೇನೆ.