ಸಿಂಪಲ್‌ಪ್ಲೇನ್ಸ್‌ನಲ್ಲಿ ಗ್ಲಾಡಿಯೇಟರ್: ತಂತಿಗಳದ್ದೇ ಕೆಲಸ ಜಾಸ್ತಿ

ವಿಮಾನ ಕಟ್ಟಿ ಹಾರಿಸುವ ಆಟ ಸಿಂಪಲ್‌ಪ್ಲೇನ್ಸ್‌ನಲ್ಲಿ ಕಟ್ಟೋಕೆ ನಾನು ಆರಿಸಿಕೊಂಡ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆ ಇರುವ ವಿಮಾನ) ಗ್ಲಾಸ್ಟರ್ ಗ್ಲಾಡಿಯೇಟರ್. ಬ್ರಿಟಿಷ್ ವಾಯುಪಡೆಯ ಕೊನೆಯ ಬೈಪ್ಲೇನ್ ಫೈಟರ್ ಇದು. 1937ರಲ್ಲಿ ಸೇವೆಗೆ ಬಂತು. ಅದಕ್ಕೆ ಒಂದು ವರ್ಷ ಮೊದಲೇ ಒಂದೇ ರೆಕ್ಕೆಯ ಹೊಸ ಕಾಲದ ಫೈಟರ್ ಸ್ಪಿಟ್‌ಫೈರ್ ಹಾರಿಯಾಗಿತ್ತು, ಪಾಪ!

ಮೂರು ಕಡೆಯ ನಕ್ಷೆಗಳನ್ನು ಬ್ಲೂಪ್ರಿಂಟ್ ಆಗಿ ಹಾಕಿಕೊಂಡೆ. ರೆಕ್ಕೆ ತುದಿಯಿಂದ ತುದಿಗೆ 9.83 ಮೀಟರ್, ಉದ್ದ 8.36 ಮೀಟರ್. ಮೈ, ಬಾಲ, ಮುಚ್ಚಿದ ಕಾಕ್‌ಪಿಟ್ ಬೇಗ ಮುಗಿದವು.

ತಲೆ ತಿಂದದ್ದು ಎರಡು ರೆಕ್ಕೆಗಳ ನಡುವಿನ ಜಾಗ. ಇದಕ್ಕೂ ಹಿಂದಿನ ಗ್ಲಾಸ್ಟರ್ ಬೈಪ್ಲೇನ್ ಗಾಂಟ್ಲೆಟ್‌ನಲ್ಲಿ ಒಂದೊಂದು ಬದಿಗೂ ಎರಡು ಜೊತೆ ಸ್ಟ್ರಟ್ (ಎರಡು ರೆಕ್ಕೆಗಳನ್ನು ಜೋಡಿಸುವ ಕಂಬ) ಇದ್ದವು. ವಿನ್ಯಾಸಕ ಹೆನ್ರಿ ಫೋಲಂಡ್ ಗ್ಲಾಡಿಯೇಟರ್‌ನಲ್ಲಿ ಒಂದೇ ಜೊತೆ ಇಟ್ಟರು. ಸ್ಟ್ರಟ್ ಕಡಿಮೆಯಾದರೆ ರೆಕ್ಕೆಗಳನ್ನು ಬಿಗಿಯುವ ತಂತಿಯೂ ಕಡಿಮೆ, ಗಾಳಿಯ ತಡೆಯೂ ಕಡಿಮೆ. ಉಳಿದ ತಂತಿಗಳನ್ನು ಸುಮ್ನೆ ಅಡ್ಡಾದಿಡ್ಡಿ ಎಳೆದಿಲ್ಲ. ಕೆಳಗಿನ ರೆಕ್ಕೆಯ ಬುಡದಿಂದ ಹೊರಟು ಸ್ಟ್ರಟ್‌ನ ಮೇಲ್ತುದಿಗೆ ಹೋಗುವವು, ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯುತ್ತವೆ. ಮೇಲಿನ ರೆಕ್ಕೆಯ ನಡುವಿನಿಂದ ಸ್ಟ್ರಟ್‌ನ ಬುಡಕ್ಕೆ ಇಳಿಯುವವು, ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಹೊರುತ್ತವೆ. ಇಷ್ಟು ತಿಳಿದ ಮೇಲೆ ಮಸುಕು ಫೋಟೋ ಹಿಗ್ಗಿಸಿ ನೋಡುವ ಕಷ್ಟ ತಪ್ಪಿತು. ವಿಮಾನದ ಮೈ ಕಟ್ಟಲು ಆಟ ಕೊಡುವ ಫ್ಯೂಸಲಾಜ್ ಬ್ಲಾಕನ್ನೇ ಆದಷ್ಟು ತೆಳುವಾಗಿಸಿ ತಂತಿ ಮಾಡಿದೆ.

ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಸ್ವಲ್ಪ ಮುಂದಿರಬೇಕು, ಹಾಗಾಗಿ ಸ್ಟ್ರಟ್‌ಗಳೂ ಮುಂದಕ್ಕೆ ವಾಲಿರಬೇಕು. ನೆಟ್ಟಗೆ ನಿಲ್ಲಿಸಿದರೆ ಅದು ಗ್ಲಾಡಿಯೇಟರ್ ಅಂತ ಯಾರೂ ಒಪ್ಪಲ್ಲ. ಆದರೆ ರೆಕ್ಕೆ ಮುಂದೆ ಸರಿಸಿದ ಹಾಗೆ ಆಟದಲ್ಲಿ ಲಿಫ್ಟ್ (ರೆಕ್ಕೆಯ ಎತ್ತುವ ಬಲ) ಎಲ್ಲಿದೆ ಅಂತ ತೋರಿಸುವ ನೀಲಿ ಗುರುತೂ ಮುಂದೆ ಬರುತ್ತದೆ. ಅದು ತೂಕದ ಕೆಂಪು ಗುರುತಿನ ಹಿಂದೆಯೇ ಇರಬೇಕು, ಇಲ್ಲದಿದ್ದರೆ ಮೂಗು ಎತ್ತಿಕೊಂಡು ಪಲ್ಟಿ ಹೊಡೆಯುತ್ತದೆ. ಮೂಗಿನೊಳಗೆ ತೂಕ ತುಂಬಿದೆ. ಅಸಲಿಯಲ್ಲೂ ಅಲ್ಲಿ ಭಾರದ ಮರ್ಕ್ಯುರಿ ಎಂಜಿನ್ ಇತ್ತಲ್ವಾ?

ಆ ಎಂಜಿನ್‌ನದು 830ರ ಆಸುಪಾಸು ಅಶ್ವಶಕ್ತಿ. ಅಸಲಿ ವಿಮಾನದ ಗರಿಷ್ಠ ವೇಗ ಗಂಟೆಗೆ ಸುಮಾರು 407 ಕಿ.ಮೀ. ನನ್ನದು ಅದನ್ನು ಸಲೀಸಾಗಿ ದಾಟುತ್ತಿತ್ತು. ಕಾರಣ, ಆಟ ಒಂದೊಂದು ರೆಕ್ಕೆಯ ಲೆಕ್ಕವನ್ನೂ ಬೇರೆ ಬೇರೆ ಹಾಕುತ್ತದೆ. ಒಂದರ ಗಾಳಿ ಇನ್ನೊಂದನ್ನು ಕೆಡಿಸುವುದು ಅದಕ್ಕೆ ಗೊತ್ತಿಲ್ಲ. ಎಂಜಿನ್ ಶಕ್ತಿ ಇಳಿಸಿಬಿಡಬಹುದು, ಆದರೆ ಆಗ ಮೇಲೇರುವ ಚುರುಕೂ ಹೋಗುತ್ತದೆ. ಅದಕ್ಕೇ ಸ್ಟ್ರಟ್ ಮತ್ತು ತಂತಿಗಳ ಡ್ರ್ಯಾಗ್ ಸ್ಕೇಲ್ (ಗಾಳಿಯ ತಡೆ ಎಷ್ಟಿರಬೇಕೆಂಬ ಅಂಕಿ) ಏರಿಸಿದೆ. ಈಗ ಥ್ರಾಟಲ್ ಇಳಿಸಿದ ಕೂಡಲೇ ವೇಗ ಕುಸಿಯುತ್ತದೆ. ಬೈಪ್ಲೇನ್ ಅಂದರೆ ಹಾಗೇ ಇರಬೇಕು.

ನಾಲ್ಕು ಬ್ರೌನಿಂಗ್ ಮೆಷಿನ್ ಗನ್‌ಗಳಲ್ಲಿ ಎರಡು ಮೂಗಿನ ಅಕ್ಕಪಕ್ಕ, ಎರಡು ಕೆಳರೆಕ್ಕೆಯ ಅಡಿ. ಇನ್ನು ಮಾಡಬೇಕಿರುವುದು 1940ರಲ್ಲಿ ಮಾಲ್ಟಾ ದ್ವೀಪ ಕಾಯ್ದ ಸೀ ಗ್ಲಾಡಿಯೇಟರ್, ಅಂದರೆ ಇದರ ನೌಕಾಪಡೆ ಆವೃತ್ತಿ. ಇದಕ್ಕೇ ಹಿಂದೆ ಹಡಗಿನ ಮೇಲೆ ಇಳಿಯುವಾಗ ತಡೆದು ನಿಲ್ಲಿಸುವ ಒಂದು ಕೊಕ್ಕೆ, ಹೊಟ್ಟೆಯಡಿ ರಬ್ಬರ್ ದೋಣಿಯ ಪೆಟ್ಟಿಗೆ ಸೇರಿಸಿದರೆ ಸಾಕು.